ನವೀನ ಬೇಸಾಯವೂ ನಮ್ಮ ಅನ್ನವೂ



ಈ ವರ್ಷ ನಮ್ಮ ಶಾಲೆಯಲ್ಲಿ ನಡೆದ ಚರ್ಚಾಸ್ಪರ್ಧೆಯ ವಿಷಯವು ನಿಮಗೆ ನೆನಪಿರಬಹುದು. ‘ಆಧುನಿಕ ಕೃಷಿ ತಂತ್ರಜ್ಞಾನವು ವರವೇ, ಶಾಪವೇ?’ ಎಂಬುದೇ ಆ ವಿಷಯ. ವರವೆಂದು ವಾದಿಸಿದವರು ಟ್ರಾಕ್ಟರು, ಹೈಬ್ರಿಡ್ ಬೀಜ, ರಾಸಾಯನಿಕ ಗೊಬ್ಬರ, ಹನಿ ನೀರಾವರಿ ಇವುಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಚಪ್ಪಾಳೆ ಪಡೆದರು. ಶಾಪವೆಂದವರು, ನಮ್ಮ ಅಜ್ಜಂದಿರ ಕಾಲದಲ್ಲಿ ಹಾಲುಹೈನು ಹರಿಯುತ್ತಿತ್ತು, ಯಂತ್ರಗಳು ಬಂದು ಎಲ್ಲವೂ ಕೆಟ್ಟಿತು ಎಂದು ವಾದಿಸಿ ಅಷ್ಟೇ ಚಪ್ಪಾಳೆ ಪಡೆದರು. ತೀರ್ಪುಗಾರನಾಗಿ ಕುಳಿತಿದ್ದ ನನಗೆ ಎರಡು ಪಕ್ಷಗಳೂ ಅರ್ಧ ಸತ್ಯವನ್ನು ಮಾತ್ರ ಹೇಳಿದಂತೆ ತೋರಿತು. ಸಮಯಾಭಾವದಿಂದ ಅಂದು ಹೇಳದೆ ಉಳಿದ ಮಾತುಗಳನ್ನು ಇಲ್ಲಿ ನಿಮ್ಮ ಮುಂದಿಡಲು ಬಯಸುತ್ತೇನೆ.

ನಾನು ಕೃಷಿವಿಜ್ಞಾನಿಯಲ್ಲ. ವಿಜಯಪುರ ಜಿಲ್ಲೆಯ ಎರೆಭೂಮಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಹೊಟ್ಟೆಯ ಪಾಡಿಗಾಗಿ ಈ ನಾಡಿಗೆ ಬಂದ ಒಬ್ಬ ಸಾಮಾನ್ಯ ಶಿಕ್ಷಕ. ಮೊದಲು ಕೆಲವು ವರ್ಷ ಛತ್ರಪತಿ ಸಂಭಾಜಿನಗರದಲ್ಲಿದ್ದೆ; ಈಗ ನಾಸಿಕದಲ್ಲಿದ್ದೇನೆ. ಹೀಗಾಗಿ ಒಂದೇ ಗೋದಾವರಿಯ ಮೇಲುಭಾಗವನ್ನೂ ಕೆಳಭಾಗವನ್ನೂ ಕಣ್ಣಾರೆ ಕಾಣುವ ಅವಕಾಶ ನನಗೆ ದೊರೆಯಿತು. ನನ್ನ ಅಭಿಪ್ರಾಯಕ್ಕೆ ಆಧಾರ ಇಷ್ಟೇ.

ಮೊದಲಿಗೆ ಉಪಕಾರಸ್ಮರಣೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ನಮ್ಮಲ್ಲಿದೆ. ನಾವು ಇಂದು ಉಣ್ಣುತ್ತಿರುವ ಅನ್ನದ ಬಹುಪಾಲು ನವೀನ ಬೇಸಾಯದ ಫಲವೇ ಆಗಿದೆ ಎಂಬುದನ್ನು ಮರೆಯುವುದು ಸಲ್ಲದು. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ. ೧೯೫೦-೫೧ರಲ್ಲಿ ನಮ್ಮ ದೇಶದಲ್ಲಿ ಬೆಳೆದ ಆಹಾರಧಾನ್ಯ ಸುಮಾರು ೫.೧ ಕೋಟಿ ಟನ್ನು. ೧೯೫೧ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು ೩೬ ಕೋಟಿ. ತಲೆಗೆ ವರ್ಷಕ್ಕೆ ಸುಮಾರು ೧೪೦ ಕಿಲೋಗ್ರಾಮು ಬಿತ್ತು. ೨೦೨೩-೨೪ರಲ್ಲಿ ಬೆಳೆ ೩೩ ಕೋಟಿ ಟನ್ನನ್ನು ದಾಟಿತು. ಜನರು ೧೪೦ ಕೋಟಿಗೂ ಹೆಚ್ಚಾಗಿದ್ದರು. ಆದರೂ ತಲೆಗೆ ಸುಮಾರು ೨೩೦ ಕಿಲೋಗ್ರಾಮು ಬರುತ್ತದೆ. ಉಣ್ಣುವ ಬಾಯಿಗಳು ನಾಲ್ಕು ಪಟ್ಟಾದವು. ಕಾಳು ಆರು ಪಟ್ಟಿಗೂ ಮೀರಿತು. ಉಳುವ ನೆಲವೇನೂ ಆರು ಪಟ್ಟು ಬೆಳೆಯಲಿಲ್ಲ. ಹಾಗಾದರೆ ಈ ಹೆಚ್ಚಳವು ಬಂದುದೆಲ್ಲಿಂದ? ಬೀಜದಿಂದ, ನೀರಿನಿಂದ, ಗೊಬ್ಬರದಿಂದ, ರೈತನ ಬೆವರಿನಿಂದ.

ಅಜ್ಜಂದಿರ ಕಾಲವನ್ನು ಹೊಗಳುವವರು ೧೯೬೬ನ್ನೂ ೧೯೭೨ನ್ನೂ ನೆನೆಯಬೇಕು. ೧೯೬೫-೬೬ರಲ್ಲಿ ಮಳೆ ಕೈಕೊಟ್ಟಿತು. ೧೯೬೬ರಲ್ಲಿ ನಾವು ಹೊರನಾಡುಗಳಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್ನು. ಅಮೆರಿಕದ ಹಡಗು ಬಂದರಿಗೆ ಬಂದರೆ ಮಾತ್ರ ನಮ್ಮ ಒಲೆ ಉರಿಯಬೇಕಾದ ದುಸ್ಥಿತಿ ಅದು. ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡದ್ದು ಆ ದಿನಗಳಲ್ಲಿಯೇ. ೧೯೭೨ರ ಬರದ ಕಥೆಯನ್ನು ನನ್ನ ಅಜ್ಜ ಹೇಳುತ್ತಿದ್ದರು. ಹಗೇವಿನ ಜೋಳ ಮುಗಿದಾಗ ಊರಿಗೆ ಊರೇ ರಸ್ತೆಯ ಕೆಲಸಕ್ಕೆ ಕಲ್ಲು ಒಡೆಯಲು ಹೋಯಿತಂತೆ. ಪಡಿತರದಲ್ಲಿ ಕೊಟ್ಟ ಅಮೆರಿಕದ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಮಹಾರಾಷ್ಟ್ರದ ಹಿರಿಯರನ್ನು ಕೇಳಿದರೂ ‘ಮಿಲೊ’ ಎಂಬ ಅದೇ ಕೆಂಪು ಜೋಳದ ಕಥೆಯನ್ನು ಹೇಳುತ್ತಾರೆ. ಅಜ್ಜಂದಿರ ಕಾಲದಲ್ಲಿ ಸುಗ್ಗಿಯ ಹಿಗ್ಗೂ ಇತ್ತು, ಹಸಿವಿನ ಸುಗ್ಗಿಯೂ ಇತ್ತು.

ಈ ಕಷ್ಟದಿಂದ ದೇಶವು ಪಾರಾದ ಬಗೆ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದುದು. ಹಳೆಯ ಗೋಧಿಯ ಕಡ್ಡಿ ಎತ್ತರವಾಗಿತ್ತು. ಅದಕ್ಕೆ ಹೆಚ್ಚು ಗೊಬ್ಬರ, ಹೆಚ್ಚು ನೀರು ಕೊಟ್ಟರೆ ತೆನೆ ಭಾರವಾಗಿ ಗಿಡವೇ ನೆಲಕ್ಕೆ ಒರಗುತ್ತಿತ್ತು, ಕೊಟ್ಟದ್ದೆಲ್ಲ ವ್ಯರ್ಥ. ಜಪಾನಿನ ‘ನೋರಿನ್ ೧೦’ ಎಂಬ ಗಿಡ್ಡ ಗೋಧಿಯ ಗುಣವನ್ನು ನಾರ್ಮನ್ ಬೋರ್ಲಾಗ್ ಎಂಬ ವಿಜ್ಞಾನಿಯು ಮೆಕ್ಸಿಕೋ ದೇಶದಲ್ಲಿ ತನ್ನ ತಳಿಗಳಿಗೆ ಸೇರಿಸಿದನು. ಗಿಡ್ಡ ಗಿಡ ಒರಗದೆ ನಿಂತಿತು. ಕೊಟ್ಟ ಗೊಬ್ಬರವನ್ನು ಕಾಳಾಗಿ ತಿರುಗಿ ಕೊಟ್ಟಿತು. ಆಹಾರ ಮಂತ್ರಿಗಳಾಗಿದ್ದ ಸಿ. ಸುಬ್ರಹ್ಮಣ್ಯಂ ಅವರ ಧೈರ್ಯ, ಎಂ. ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರ ಪರಿಶ್ರಮ ಇವುಗಳ ಫಲವಾಗಿ ೧೯೬೬ರಲ್ಲಿ ಮೆಕ್ಸಿಕೋದಿಂದ ೧೮,೦೦೦ ಟನ್ನು ಬೀಜ ಬಂದಿತು. ೧೯೬೪-೬೫ರಲ್ಲಿ ಸುಮಾರು ೧.೨ ಕೋಟಿ ಟನ್ನು ಇದ್ದ ಗೋಧಿ ೧೯೬೭-೬೮ರಲ್ಲಿ ೧.೬ ಕೋಟಿ ಟನ್ನನ್ನು ಮೀರಿತು. ‘ಗೋಧಿ ಕ್ರಾಂತಿ’ಯ ನೆನಪಿಗೆ ೧೯೬೮ರಲ್ಲಿ ಅಂಚೆಚೀಟಿಯೂ ಹೊರಟಿತು. ನಮ್ಮ ನಾಸಿಕ ಜಿಲ್ಲೆಯ ನಿಫಾಡದಲ್ಲಿಯೂ ಗೋಧಿಯ ಸಂಶೋಧನ ಕೇಂದ್ರವಿದೆ. ‘ತ್ರ್ಯಂಬಕ’, ‘ಗೋದಾವರಿ’, ‘ತಪೋವನ’ ಎಂದು ಈ ನೆಲದ ಹೆಸರನ್ನೇ ಹೊತ್ತ ತಳಿಗಳು ಅಲ್ಲಿಂದ ಹೊರಬಂದಿವೆ.

ಇಂತಹ ಕೆಲಸವನ್ನು ಹೊರನಾಡಿನ ದೊಡ್ಡ ವಿಜ್ಞಾನಿಗಳೇ ಮಾಡಬೇಕೆಂದಿಲ್ಲ. ನಮ್ಮ ಕನ್ನಡನಾಡಿನ ಸಿ. ಎಚ್. ಲಕ್ಷ್ಮಣಯ್ಯನವರ ಹೆಸರನ್ನು ನೀವು ಕೇಳಿರಲಾರಿರಿ. ಮಂಡ್ಯದ ವಿ. ಸಿ. ಫಾರಂನಲ್ಲಿ ಅವರು ದುಡಿದರು. ರಾಗಿಯ ಹೂವು ಕಣ್ಣಿಗೆ ಕಾಣಿಸದಷ್ಟು ಸಣ್ಣದು. ಎರಡು ತಳಿಗಳನ್ನು ಕೂಡಿಸುವುದು ಬಹು ಕಷ್ಟದ ಕೆಲಸ. ಆ ಕಷ್ಟವನ್ನು ಗೆದ್ದು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಸೆದು ‘ಇಂಡಾಫ್’ ತಳಿಗಳನ್ನು ಅವರು ರೂಪಿಸಿದರು. ಜನರು ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಬಡವರ ಕಾಳೆಂದು ಎಲ್ಲರೂ ಕಡೆಗಣಿಸಿದ್ದ ರಾಗಿಗೆ ಒಬ್ಬ ಮನುಷ್ಯನು ತನ್ನ ಆಯುಷ್ಯವನ್ನೇ ಕೊಟ್ಟನೆಂಬುದು ನಮಗೆ ಹೆಮ್ಮೆಯ ಸಂಗತಿ.

ಇಷ್ಟು ಹೇಳಿದ ಮೇಲೆ ‘ವರ’ ಪಕ್ಷದವರು ಗೆದ್ದರೆಂದು ತಿಳಿಯಬೇಡಿರಿ. ಈಗ ಇನ್ನೊಂದು ಮಗ್ಗುಲನ್ನು ನೋಡೋಣ.

ನಿಸರ್ಗವು ನಮ್ಮ ವಿದ್ಯೆಗೆ ತನ್ನ ಉತ್ತರವನ್ನು ಕೊಡುತ್ತಲೇ ಇರುತ್ತದೆ. ೧೯೬೫ರಲ್ಲಿ ಹೈಬ್ರಿಡ್ ಸಜ್ಜೆ ಬಂದಿತು, ಬೆಳೆ ಹೆಚ್ಚಿತು. ಆದರೆ ಎಲ್ಲೆಲ್ಲೂ ಒಂದೇ ಜಾತಿಯ ಬೀಜವನ್ನು ಬಿತ್ತಿದ್ದರಿಂದ ೧೯೭೦ರ ದಶಕದ ಮೊದಲಲ್ಲಿ, ತೆನೆಯಲ್ಲಿ ಕಾಳಿನ ಬದಲು ಹಸಿರೆಲೆಗಳೇ ಮೂಡುವ ರೋಗವು ಹೊಲದಿಂದ ಹೊಲಕ್ಕೆ ಹಬ್ಬಿ ಬೆಳೆಯನ್ನು ನುಂಗಿತು. ಹತ್ತಿಗೆ ೨೦೦೨ರಲ್ಲಿ ಬಿ.ಟಿ. ಬೀಜ ಬಂದಿತು, ಕಾಯಿಕೊರಕ ಹುಳು ಮೊದಲು ಹಿಮ್ಮೆಟ್ಟಿತು. ಕೆಲವು ವರ್ಷಗಳಲ್ಲಿ ಗುಲಾಬಿ ಬಣ್ಣದ ಹುಳು ಆ ವಿಷವನ್ನೂ ಜೀರ್ಣಿಸಿಕೊಂಡಿತು. ಮರಾಠವಾಡದ ರೈತನು ಬೀಜಕ್ಕೂ ಹಣ ಕೊಟ್ಟು ಔಷಧಿಗೂ ಹಣ ಕೊಡುವಂತಾಯಿತು. ಗೋಧಿ, ಭತ್ತಗಳ ಬಲದಿಂದ ದೇಶವನ್ನು ಸಾಕಿದ ಪಂಜಾಬಿನಲ್ಲಿ ಅಂತರ್ಜಲವು ಆಳಕ್ಕೆ ಇಳಿದಿದೆ. ಆದುದರಿಂದ ಒಂದು ಬೀಜವನ್ನು ಕಂಡುಹಿಡಿದೆವೆಂದರೆ ಕೆಲಸ ಮುಗಿಯಿತೆಂದಲ್ಲ. ವಿಜ್ಞಾನಿಯ ಕಾವಲು ಎಂದೂ ಮುಗಿಯುವಂತಹುದಲ್ಲ.

ಇನ್ನು ನಮ್ಮ ಜೋಳದ ಮಾತು. ನಮ್ಮ ಉತ್ತರ ಕರ್ನಾಟಕದವರಿಗೂ ಇಲ್ಲಿಯ ಮರಾಠಿಗರಿಗೂ ಜೋಳವೇ ನಂಟು. ನಮ್ಮ ರೊಟ್ಟಿ ಇವರ ಭಾಕರಿ. ನಮ್ಮ ಕೂರಿಗೆ ಇವರ ತಿಫಣ. ನಮ್ಮ ಹಗೇವು ಇವರ ಪೇವ. ನಮ್ಮ ಸೀತನಿ ಇವರ ಹುರ್ಡಾ. ನಮ್ಮ ಎಳ್ಳ ಅಮಾವಾಸ್ಯೆಯಂದು ಲಾತೂರಿನ ಕಡೆಯ ರೈತರೂ ಹೊಲಕ್ಕೆ ಹೋಗಿ ಉಣ್ಣುತ್ತಾರೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ೧೯೩೦ರ ದಶಕದಲ್ಲಿ ಆರಿಸಿ ತೆಗೆದ ‘ಮಾಲದಂಡಿ’ ಜೋಳವನ್ನು ಹಿಂಗಾರಿ ಹೊಲಗಳಲ್ಲಿ ಎರಡು ನಾಡಿನವರೂ ಇಂದಿಗೂ ಬಿತ್ತುತ್ತಿದ್ದಾರೆ. ಮಳೆ ನಿಂತ ಮೇಲೆ ಎರೆಯ ಒಡಲಲ್ಲಿ ಉಳಿದ ತೇವವನ್ನೇ ಕುಡಿದು ಅದು ಬೆಳೆಯುತ್ತದೆ. ಮನುಷ್ಯರಿಗೆ ಕಾಳು, ದನಗಳಿಗೆ ಕಣಿಕೆ ಕೊಡುತ್ತದೆ. ೧೯೬೪ರಲ್ಲಿ ಸಿ.ಎಸ್.ಎಚ್. ೧ ಎಂಬ ಹೈಬ್ರಿಡ್ ಜೋಳ ಬಂದು ಮುಂಗಾರಿಯ ಬೆಳೆಯನ್ನು ಹೆಚ್ಚಿಸಿತು. ಹಿಂಗಾರಿಯಲ್ಲಿ ಮಾತ್ರ ರೊಟ್ಟಿಯ ರುಚಿಗೂ ಬರದ ತಾಳಿಕೆಗೂ ಮಾಲದಂಡಿಯೇ ಉಳಿಯಿತು. ಹೊಸದೆಲ್ಲವೂ ಹಳೆಯದನ್ನು ಗೆಲ್ಲುವುದಿಲ್ಲ, ಹಳೆಯದೆಲ್ಲವೂ ಅಜ್ಞಾನವಲ್ಲ. ಮಾಲದಂಡಿಯನ್ನು ಆರಿಸಿದುದೂ ವಿಜ್ಞಾನವೇ ಎಂಬುದನ್ನು ಗಮನಿಸಿರಿ.

ಆದರೆ ೧೯೬೦ರ ದಶಕದಲ್ಲಿ ದೇಶದಲ್ಲಿ ಸುಮಾರು ೧.೮ ಕೋಟಿ ಹೆಕ್ಟೇರಿನಲ್ಲಿ ಬೆಳೆಯುತ್ತಿದ್ದ ಜೋಳ ಈಗ ೪೦ ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಇದಕ್ಕೆ ಕಾರಣವೇನು? ಟ್ರಾಕ್ಟರು ಜೋಳವನ್ನು ಹೊರಗಟ್ಟಲಿಲ್ಲ. ಸರಕಾರವು ಗೋಧಿ ಅಕ್ಕಿಗಳನ್ನು ಖಚಿತ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚಿತು. ಜೋಳವನ್ನು ಕೊಂಡದ್ದು ಅತಿ ಸ್ವಲ್ಪ. ಪೇಟೆಯ ಮಂದಿ ರೊಟ್ಟಿಯನ್ನು ಹಳ್ಳಿಯ ಊಟವೆಂದು ಬದಿಗೆ ಸರಿಸಿದರು. ರೈತನು ಮಾರಾಟವಾಗುವುದನ್ನು ಬೆಳೆದನು. ೨೦೨೩ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ನಾವೆಲ್ಲ ಜೋಳ ಸಜ್ಜೆಗಳ ಗುಣಗಾನ ಮಾಡಿದೆವು. ಗುಣಗಾನದಿಂದ ಹೊಲ ತುಂಬುವುದಿಲ್ಲ, ಬೆಲೆಯಿಂದ ತುಂಬುತ್ತದೆ. ಪರಭಣಿಯ ಕೃಷಿ ವಿಶ್ವವಿದ್ಯಾಲಯದಿಂದ ೨೦೧೮ರಲ್ಲಿ ಬಂದ ‘ಪರಭಣಿ ಶಕ್ತಿ’ ಎಂಬ ಜೋಳದಲ್ಲಿ ಕಬ್ಬಿಣ ಮತ್ತು ಸತುವಿನ ಅಂಶ ಹೆಚ್ಚಾಗಿದೆ. ರಕ್ತಹೀನತೆಯಿಂದ ಬಳಲುವ ಮಕ್ಕಳೂ ತಾಯಂದಿರೂ ಇರುವ ಈ ನಾಡಿಗೆ ಇದಕ್ಕಿಂತ ಆಧುನಿಕವಾದ ತಂತ್ರಜ್ಞಾನ ಬೇರೆ ಯಾವುದು? ಅದು ಶಾಲೆಯ ಮಕ್ಕಳ ಮಧ್ಯಾಹ್ನದ ಊಟದವರೆಗೆ ಬರಬೇಕೆಂಬುದು ನನ್ನ ಆಸೆ.

ನಾಸಿಕದವರಾದ ನಿಮಗೆ ದ್ರಾಕ್ಷಿಯ ವಿಷಯವನ್ನು ನಾನು ಹೇಳಬೇಕಾಗಿಲ್ಲ. ನಗರದ ಅಂಚು ದಾಟಿ ಓಝರ್, ಪಿಂಪಳಗಾಂವ್, ದಿಂಡೋರಿಗಳ ಕಡೆ ಹೊರಟರೆ ಇಕ್ಕೆಲಗಳಲ್ಲಿಯೂ ದ್ರಾಕ್ಷಿಯ ಚಪ್ಪರಗಳೇ. ಬೇರಿಗೆ ಬರವನ್ನು ತಾಳುವ ಹೊರನಾಡಿನ ಕಾಡುದ್ರಾಕ್ಷಿ, ಮೇಲೆ ಕಸಿ ಮಾಡಿದ ಬೀಜವಿಲ್ಲದ ದ್ರಾಕ್ಷಿ, ಬುಡಕ್ಕೆ ಹನಿಹನಿಯಾಗಿ ನೀರು, ಗೊಂಚಲಿಗೆ ಅಳತೆಯ ಔಷಧಿ, ಹಣ್ಣಿಗೆ ಶೀತಗೃಹ, ಅಲ್ಲಿಂದ ಹಡಗು—ಇದು ನಿಜಕ್ಕೂ ಜಾಣತನದ ಬೇಸಾಯ. ಇದರಿಂದ ಸಾವಿರಾರು ಮನೆಗಳು ಏಳಿಗೆ ಹೊಂದಿವೆ. ನಮ್ಮ ಶಾಲೆಯ ಕೆಲವು ಮಕ್ಕಳ ತಂದೆತಾಯಂದಿರಿಗೂ ಕೆಲಸ ದೊರೆತಿದೆ. ಅದನ್ನು ಹೀಗಳೆಯುವುದು ಅನ್ಯಾಯ.

ಆದರೆ ೨೦೧೦ರಲ್ಲಿ ನಡೆದ ಸಂಗತಿಯೊಂದನ್ನು ನೋಡಿರಿ. ಆ ವರ್ಷ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಶೇಷವು ಅಲ್ಲಿಯ ಮಿತಿಗಿಂತ ಹೆಚ್ಚಾಗಿದೆಯೆಂದು ಅನೇಕ ಹಡಗಿನ ಮಾಲು ತಿರಸ್ಕೃತವಾಯಿತು. ಬೆಳೆಗಾರರು ಬಹಳ ನಷ್ಟ ಅನುಭವಿಸಿದರು. ತರುವಾಯ ಪರೀಕ್ಷೆಗಳು ಬಿಗಿಯಾದವು. ಒಳ್ಳೆಯದೇ ಆಯಿತು. ಆದರೆ ನನ್ನ ಮನಸ್ಸಿಗೆ ಬರುವ ಪ್ರಶ್ನೆ ಬೇರೆ. ಹೊರನಾಡಿನ ಮಗುವು ತಿನ್ನುವ ಗೊಂಚಲನ್ನು ಪ್ರಯೋಗಶಾಲೆಯಲ್ಲಿ ಇಷ್ಟು ಎಚ್ಚರದಿಂದ ಪರೀಕ್ಷಿಸುವ ನಾವು, ಇಲ್ಲಿಯ ಸಂತೆಯಲ್ಲಿ ನಿಮ್ಮ ತಾಯಂದಿರು ಕೊಳ್ಳುವ ಗೊಂಚಲಿನ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸಬೇಡವೇ? ಶೇಷವನ್ನು ಅಳೆಯುವ ವಿದ್ಯೆ ನಮ್ಮ ಕೈಯಲ್ಲಿದೆ. ಅದನ್ನು ಯಾರಿಗಾಗಿ ಬಳಸಬೇಕೆಂಬ ತೀರ್ಮಾನವನ್ನು ಮಾತ್ರ ಯಂತ್ರವು ಮಾಡಿಕೊಡುವುದಿಲ್ಲ.

ಉಳ್ಳಾಗಡ್ಡಿಯ ಕಥೆಯೂ ಇಂತಹುದೇ. ಲಾಸಲಗಾಂವದ ಮಾರುಕಟ್ಟೆಯ ಹೆಸರನ್ನು ಕೇಳದವರು ದೇಶದಲ್ಲಿ ವಿರಳ. ಒಳ್ಳೆಯ ಬೀಜ, ನೀರು, ಗೊಬ್ಬರಗಳಿಂದ ಬೆಳೆ ಹೆಚ್ಚಿತು. ಬೇಸಗೆಯಲ್ಲಿ ಕಿತ್ತ ಗಡ್ಡೆಯನ್ನು ದೀಪಾವಳಿಯವರೆಗೆ ಕಾಯ್ದಿಡಬೇಕು. ಗಾಳಿಯಾಡುವ ಚಾಳಿಗಳಲ್ಲಿಯೂ ಸಾಕಷ್ಟು ಪಾಲು ಕೊಳೆತು, ಮೊಳೆತು, ಒಣಗಿ ಹೋಗುತ್ತದೆ. ಮೊಳಕೆಯನ್ನು ತಡೆಯಲೆಂದು ಭಾಭಾ ಅಣು ಸಂಶೋಧನ ಕೇಂದ್ರದವರು ೨೦೦೨ರಲ್ಲಿ ಲಾಸಲಗಾಂವದಲ್ಲಿ ವಿಕಿರಣದ ಒಂದು ಕೇಂದ್ರವನ್ನು ಸ್ಥಾಪಿಸಿದರು. ೨೦೦೭ರಲ್ಲಿ ಅಮೆರಿಕಕ್ಕೆ ಹೋದ ಮಾವಿನ ಹಣ್ಣು ಅದೇ ಕೇಂದ್ರದಲ್ಲಿ ಸಂಸ್ಕಾರ ಪಡೆದು ಹೋಯಿತು. ಅಣುವಿಜ್ಞಾನವೇ ಊರ ಮುಂದೆ ಬಂದು ನಿಂತರೂ ಸಾಮಾನ್ಯ ರೈತನು ಇಂದಿಗೂ ತನ್ನ ಚಾಳಿಯನ್ನೂ ತನ್ನ ದೈವವನ್ನೂ ನಂಬಿದ್ದಾನೆ. ಬೆಲೆ ಏರಿದರೆ ಪೇಟೆಯವರ ಕೂಗು. ಆ ಕೂಗಿಗೆ ೨೦೨೩ರ ಡಿಸೆಂಬರಿನಲ್ಲಿ ರಫ್ತು ನಿಂತಿತು, ೨೦೨೪ರ ಮೇ ತಿಂಗಳಿನಲ್ಲಿ ಮತ್ತೆ ತೆರೆಯಿತು. ಬೆಲೆ ಬಿದ್ದರೆ ರೈತನು ಗಡ್ಡೆಯನ್ನು ರಸ್ತೆಗೆ ಸುರಿಯುತ್ತಾನೆ. ಆಗ ಕೂಗುವವರು ಯಾರೂ ಇಲ್ಲ. ಬೆಳೆಯುವ ವಿದ್ಯೆಗೆ ತಕ್ಕಂತೆ ಕಾಯುವ ವಿದ್ಯೆಯೂ, ನ್ಯಾಯವಾದ ಬೆಲೆಯೂ ಬೆಳೆಯದಿದ್ದರೆ ಹೆಚ್ಚು ಬೆಳೆದುದೇ ಬೆಳೆದವನಿಗೆ ಮುಳುವಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಅದು ನೀರು.

೧೯೬೫ನೆಯ ಇಸವಿಯನ್ನು ನೀವು ನೆನಪಿನಲ್ಲಿಡಬೇಕು. ಆ ವರ್ಷ ನಾಸಿಕದ ಬಳಿ ಗೋದಾವರಿಗೆ ಕಟ್ಟಿದ ಗಂಗಾಪುರದ ಮಣ್ಣಿನ ಅಣೆಕಟ್ಟು ಪೂರ್ಣವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆಳಗಡೆ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟಿಗೆ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ೧೯೭೬ರಲ್ಲಿ ಅದರ ಉದ್ಘಾಟನೆಯಾಯಿತು. ಸುಮಾರು ಹತ್ತು ಕಿಲೋಮೀಟರು ಉದ್ದದ ಆ ಕಟ್ಟೆಯ ಹಿಂದಿನ ಜಲಾಶಯಕ್ಕೆ ಸಂತ ಏಕನಾಥರ ನೆನಪಿನಿಂದ ‘ನಾಥಸಾಗರ’ವೆಂದು ಹೆಸರು. ನಾಸಿಕವು ಗಂಗಾಪುರದ ನೀರನ್ನು ಕುಡಿಯುತ್ತದೆ. ಸಂಭಾಜಿನಗರವು ನಾಥಸಾಗರದ ನೀರನ್ನು ಕುಡಿಯುತ್ತದೆ. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿದ ಒಬ್ಬಳೇ ತಾಯಿಯ ಹಾಲು ಅದು.

ಮಳೆ ಚೆನ್ನಾಗಿ ಬಂದ ವರ್ಷ ಇಬ್ಬರಿಗೂ ಜಗಳವಿಲ್ಲ. ಮಳೆ ಕಡಿಮೆಯಾದ ವರ್ಷ ಮೇಲಿನ ಅಣೆಕಟ್ಟುಗಳು ಮೊದಲು ತುಂಬುತ್ತವೆ, ಕೆಳಗಿನದು ಬತ್ತಿರುತ್ತದೆ. ೨೦೧೨-೧೩ರ ಬರದಲ್ಲಿ ಸಂಭಾಜಿನಗರ, ಜಾಲನಾ ಕಡೆಯ ರೈತರು ಟ್ಯಾಂಕರಿನಿಂದ ನೀರನ್ನು ಕೊಂಡು ಮೋಸಂಬಿಯ ಗಿಡಗಳಿಗೆ ಹೊಯ್ದರು. ಆದರೂ ಎಷ್ಟೋ ತೋಟಗಳು ಒಣಗಿ ಕಟ್ಟಿಗೆಯಾದವು. ೨೦೧೬ರ ಏಪ್ರಿಲ್ಲಿನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ನಾನು ಸಂಭಾಜಿನಗರದಲ್ಲಿದ್ದ ಕಾಲದಲ್ಲಿ ನಮ್ಮ ಓಣಿಯ ನಲ್ಲಿಗೆ ಹಲವು ದಿನಗಳಿಗೊಮ್ಮೆ ನೀರು ಬರುತ್ತಿತ್ತು. ನೀರು ಬರುವ ದಿನ ನನ್ನ ತರಗತಿಯಲ್ಲಿ ಹುಡುಗಿಯರ ಹಾಜರಿ ಕಡಿಮೆಯಾಗುತ್ತಿತ್ತು. ಕಾರಣವನ್ನು ನಾನು ಕೇಳಲು ಹೋಗಲಿಲ್ಲ. ಕೊಡ ಹಿಡಿದು ಸಾಲಿನಲ್ಲಿ ನಿಂತ ಅವರನ್ನು ಬರುವ ದಾರಿಯಲ್ಲಿಯೇ ಕಂಡಿರುತ್ತಿದ್ದೆ.

ಈ ಜಗಳಕ್ಕೆ ಒಂದು ನಿಯಮವನ್ನು ಮಾಡಲಾಗಿದೆ. ಮೇಂಢೇಗಿರಿ ಸಮಿತಿಯು ೨೦೧೩ರಲ್ಲಿ ಸೂತ್ರವೊಂದನ್ನು ಸೂಚಿಸಿತು. ರಾಜ್ಯದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರವು ೨೦೧೪ರಲ್ಲಿ ಅದನ್ನು ಆದೇಶವಾಗಿ ಹೊರಡಿಸಿತು. ೨೦೧೬ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ ೧೫ರ ಹೊತ್ತಿಗೆ ಜಾಯಕವಾಡಿಯ ಉಪಯುಕ್ತ ಸಂಗ್ರಹವು ನೂರಕ್ಕೆ ೬೫ಕ್ಕಿಂತ ಕಡಿಮೆಯಿದ್ದರೆ ನಾಸಿಕ ಹಾಗೂ ಅಹಿಲ್ಯಾನಗರದ ಅಣೆಕಟ್ಟುಗಳಿಂದ ನೀರನ್ನು ಬಿಡಬೇಕೆಂಬುದು ಅದರ ಸಾರಾಂಶ. ನೀರು ಬಿಡುವಾಗ ಇಲ್ಲಿ ಪ್ರತಿಭಟನೆ, ಬಿಡದಿದ್ದಾಗ ಅಲ್ಲಿ ಪ್ರತಿಭಟನೆ. ಎರಡೂ ಊರುಗಳಲ್ಲಿ ಬಾಳಿದ ನನಗೆ ಯಾರ ವಿರುದ್ಧ ಘೋಷಣೆ ಕೂಗಬೇಕೆಂಬುದು ತಿಳಿಯದು. ಆದರೆ ಕುಡಿಯುವ ನೀರಿಗೂ ಅನ್ನದ ಬೆಳೆಗೂ ಮೊದಲ ಪಾಲು, ಮಾರಾಟದ ಹಣ್ಣಿಗೂ ಕಬ್ಬಿಗೂ ಅನಂತರದ ಪಾಲು ಎಂಬುದು ಸರಿಯೆಂದು ನನ್ನ ಮನಸ್ಸಿಗೆ ದೃಢವಾಗಿ ತೋರುತ್ತದೆ.

ಇಲ್ಲಿ ತಂತ್ರಜ್ಞಾನವು ನಮ್ಮನ್ನು ಹೇಗೆ ಏಮಾರಿಸುತ್ತದೆ ನೋಡಿರಿ. ಹನಿ ನೀರಾವರಿಯು ನೀರನ್ನು ಉಳಿಸುತ್ತದೆ, ಇದು ಸತ್ಯ. ಆದರೆ ಒಂದು ಎಕರೆಯಲ್ಲಿ ಉಳಿದ ನೀರಿನಿಂದ ಇನ್ನೊಂದು ಎಕರೆಗೆ ತೋಟವನ್ನು ವಿಸ್ತರಿಸಿದರೆ ಹೊಳೆಗಾಗಲಿ ಬಾವಿಗಾಗಲಿ ಉಳಿದುದೇನು? ಕೃಷಿಹೊಂಡವೂ ಹಾಗೆಯೇ. ಮಳೆಯ ನೀರನ್ನು ಹಿಡಿದಿಟ್ಟರೆ ಅದು ಪುಣ್ಯದ ಕೆಲಸ. ಪ್ಲಾಸ್ಟಿಕ್ ಹಾಸಿ, ಕೊಳವೆಬಾವಿಯಿಂದ ಎತ್ತಿದ ಅಂತರ್ಜಲವನ್ನು ಅದರಲ್ಲಿ ತುಂಬಿ ಬಿಸಿಲಿಗೆ ಒಡ್ಡಿದರೆ ನೆರೆಯವನ ಬಾವಿಯೂ ಒಣಗುತ್ತದೆ, ನೀರೂ ಆವಿಯಾಗುತ್ತದೆ. ಸಾಧನ ಒಂದೇ, ಒಬ್ಬನ ಕೈಯಲ್ಲಿ ಅದು ಉಳಿತಾಯ, ಇನ್ನೊಬ್ಬನ ಕೈಯಲ್ಲಿ ಸುಲಿಗೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಅದನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ನಮ್ಮ ಓಝರಿನಲ್ಲಿ ೧೯೯೦ರ ದಶಕದ ಮೊದಲಲ್ಲಿ ಬಾಪು ಉಪಾಧ್ಯೆ ಮತ್ತು ಸಮಾಜ ಪರಿವರ್ತನ ಕೇಂದ್ರದವರು ವಾಘಾಡ ಜಲಾಶಯದ ಕಾಲುವೆಯ ರೈತರನ್ನು ಕೂಡಿಸಿ ನೀರು ಬಳಕೆದಾರರ ಸಂಘಗಳನ್ನು ಕಟ್ಟಿದರು. ಅದಕ್ಕೆ ಮೊದಲು ಕಾಲುವೆಯ ಮೊದಲಲ್ಲಿದ್ದವರಿಗೆ ನೀರು, ಕೊನೆಯಲ್ಲಿದ್ದವರಿಗೆ ದೂಳು ಎಂಬಂತಿತ್ತು. ಸಂಘವು ನೀರನ್ನು ಅಳೆದು ಕೊಂಡಿತು, ಅಳೆದು ಹಂಚಿತು; ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಿತು. ಅಹಿಲ್ಯಾನಗರ ಜಿಲ್ಲೆಯ ಹಿವರೇ ಬಾಜಾರ ಎಂಬ ಹಳ್ಳಿಯು ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಇನ್ನೂ ಮುಂದೆ ಹೋಯಿತು. ಮಳೆಯ ನೀರನ್ನು ನೆಲಕ್ಕೆ ಇಂಗಿಸಿತು. ಬೇಸಾಯಕ್ಕೆ ಕೊಳವೆಬಾವಿ ಬೇಡ, ಕಬ್ಬು ಬಾಳೆಗಳು ಬೇಡವೆಂದು ತಾನೇ ತೀರ್ಮಾನಿಸಿತು. ಮನೆಯ ಯಜಮಾನಿಯು ತಿಂಗಳ ಖರ್ಚಿನ ಲೆಕ್ಕ ಹಾಕುವಂತೆ ಆ ಊರು ಪ್ರತಿವರ್ಷ ಬಿದ್ದ ಮಳೆಯನ್ನು ಅಳೆದು, ಈ ವರ್ಷ ಯಾವ ಬೆಳೆ, ಎಷ್ಟು ಬೆಳೆ ಎಂದು ಗ್ರಾಮಸಭೆಯಲ್ಲಿ ಲೆಕ್ಕ ಹಾಕುತ್ತದೆ. ಮಳೆಮಾಪಕವೂ ಒಂದು ಯಂತ್ರವೇ. ಆದರೆ ಆ ಯಂತ್ರ ಹೇಳಿದುದನ್ನು ಊರೆಲ್ಲ ಕೂಡಿ ಕೇಳಿತು. ಆ ಹಳ್ಳಿಯ ಗೆಲುವಿನ ಗುಟ್ಟು ಇದೇ.

ಇಲ್ಲಿ ನಿಮ್ಮಲ್ಲಿ ಒಬ್ಬರು ಎದ್ದು ನಿಂತು ಕೇಳಬಹುದು: ‘ಗುರುಗಳೇ, ಜೋಳ ಬೆಳೆದವನಿಗೆ ಸಾಲ, ದ್ರಾಕ್ಷಿ ಬೆಳೆದವನಿಗೆ ಲಾಭ. ರೈತನು ನಿಮ್ಮ ಉಪದೇಶವನ್ನು ಉಣ್ಣಬೇಕೇ?’ ಪ್ರಶ್ನೆಯು ನ್ಯಾಯವಾದುದು. ನನ್ನ ತಂದೆಯೇ ಈ ಮಾತನ್ನು ನನಗೆ ಹೇಳಿದ್ದಾರೆ. ಎರಡು ವರ್ಷ ಜೋಳದ ಬೆಲೆ ಬಿದ್ದ ಮೇಲೆ ಅವರೂ ನಮ್ಮ ಹೊಲದ ಅರ್ಧಕ್ಕೆ ಕಬ್ಬು ಹಚ್ಚಿದರು. ಊರಲ್ಲಿ ಎಲ್ಲರಂತೆ ಕೊಳವೆಬಾವಿ ಕೊರೆಸಿದರು. ತಿಂಗಳ ಸಂಬಳ ಎಣಿಸುವ ನಾನು ಅವರಿಗೆ ಬುದ್ಧಿ ಹೇಳುವ ಅಧಿಕಾರವನ್ನು ಎಲ್ಲಿಂದ ತರಲಿ? ಆದುದರಿಂದಲೇ ನಾನು ರೈತನನ್ನು ದೂರುತ್ತಿಲ್ಲ. ಕಡಿಮೆ ನೀರಿನಲ್ಲಿ ನಾಡಿಗೆ ಅನ್ನ ಕೊಡುವವನಿಗೆ, ಹೆಚ್ಚು ನೀರಿನಲ್ಲಿ ಹಣ ಬೆಳೆಯುವವನಷ್ಟೇ ನೆಮ್ಮದಿ ದೊರೆಯುವಂತೆ ಬೆಲೆಯನ್ನೂ ಕೊಳ್ಳುವಿಕೆಯನ್ನೂ ಏರ್ಪಡಿಸುವುದು ಸಮಾಜದ ಹೊಣೆ. ಆ ಸಮಾಜದಲ್ಲಿ ಪೇಟೆಯಲ್ಲಿ ಕೂತು ಉಣ್ಣುವ ನಾವೂ ಸೇರಿದ್ದೇವೆ.

ನನ್ನ ಅಭಿಪ್ರಾಯವನ್ನು ಇನ್ನು ಸಂಗ್ರಹವಾಗಿ ಹೇಳುತ್ತೇನೆ. ಹೊಸ ಬೀಜವಾಗಲಿ ಹೊಸ ಯಂತ್ರವಾಗಲಿ ನಮ್ಮ ಮುಂ�ದೆ ಬಂದಾಗ ‘ಇದು ವರವೇ, ಶಾಪವೇ?’ ಎಂದು ಕೇಳುವುದನ್ನು ಬಿಡೋಣ. ಅದರ ಬದಲು ನಾಲ್ಕು ಪ್ರಶ್ನೆಗಳನ್ನು ಕೇಳೋಣ. ಇದು ಎಷ್ಟು ಬೆಳೆಯುತ್ತದೆ? ಅದಕ್ಕೆ ಎಷ್ಟು ನೀರನ್ನೂ ಎಷ್ಟು ವಿಷವನ್ನೂ ಬೇಡುತ್ತದೆ? ಬೆಳೆದುದು ಯಾರ ತಟ್ಟೆಗೆ ಹೋಗುತ್ತದೆ? ಬೆಳೆ ಕೈಕೊಟ್ಟರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ? ಮೊದಲನೆಯ ಪ್ರಶ್ನೆಗೆ ವಿಜ್ಞಾನವು ಕಳೆದ ಅರುವತ್ತು ವರ್ಷಗಳಲ್ಲಿ ಅದ್ಭುತವಾದ ಉತ್ತರವನ್ನು ಕೊಟ್ಟಿದೆ. ಉಳಿದ ಮೂರಕ್ಕೆ ಉತ್ತರ ಕೊಡಬೇಕಾದವರು ನೀವು.

ನಿಮ್ಮಲ್ಲಿ ಬಹುಮಂದಿ ಒಕ್ಕಲು ಮನೆತನದ ಮಕ್ಕಳು. ಊರಿನ ಹೊಲ ಬತ್ತಿದ್ದರಿಂದಲೋ ಸಾಲ ಬೆಳೆದುದರಿಂದಲೋ ನಿಮ್ಮ ತಂದೆತಾಯಂದಿರು ಈ ನಗರಕ್ಕೆ ಬಂದು ಕಾರಖಾನೆಯಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ದುಡಿಯುತ್ತಿದ್ದಾರೆ. ‘ನಮ್ಮಪ್ಪ ರೈತ’ ಎಂದು ಹೇಳಲು ತರಗತಿಯಲ್ಲಿ ಕೆಲವರು ಸಂಕೋಚಪಡುವುದನ್ನು ನಾನು ಕಂಡಿದ್ದೇನೆ. ಸಂಕೋಚವೇಕೆ? ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೆಸರಾದ ಕೈ ನಿಮ್ಮ ಮನೆಯದು. ಮೊಸರುಂಡ ಬಾಯಿ ಊರಿನದು. ನಿಮ್ಮಲ್ಲಿ ಒಬ್ಬಿಬ್ಬರಾದರೂ ಕೃಷಿವಿಜ್ಞಾನವನ್ನು ಓದಿ, ಅದನ್ನು ಹಳ್ಳಿಯ ಅಜ್ಜನಿಗೂ ತಿಳಿಯುವ ಕನ್ನಡದಲ್ಲಿ ಬರೆದರೆ ಈ ಶಾಲೆಯು ಧನ್ಯವಾಗುತ್ತದೆ.

ಅಲ್ಲಿಯವರೆಗೆ ಒಂದು ಚಿಕ್ಕ ಕೆಲಸವನ್ನು ಮಾಡಿರಿ. ಬರುವ ರಜೆಯಲ್ಲಿ ಒಂದು ವಾರ ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಖರ್ಚಾಯಿತು, ತಟ್ಟೆಗೆ ಬಂದ ಕಾಳು ಯಾವ ಊರಿನದು, ಅದಕ್ಕೆ ಕಿಲೋಗೆ ಎಷ್ಟು ಕೊಟ್ಟೆವು ಎಂದು ಬರೆದಿಡಿರಿ. ಊರಿಗೆ ಹೋದವರು ಅಜ್ಜ ಅಜ್ಜಿಯರನ್ನು ಕೇಳಿ, ಅವರ ಕಾಲದಲ್ಲಿ ಬಾವಿಯ ನೀರು ಎಷ್ಟು ಮೊಳದಲ್ಲಿತ್ತು, ಹೊಲದಲ್ಲಿ ಎಷ್ಟು ಬಗೆಯ ಕಾಳು ಬೆಳೆಯುತ್ತಿತ್ತು ಎಂಬುದನ್ನು ಬರೆದುಕೊಂಡು ಬನ್ನಿರಿ. ಚೆನ್ನಾಗಿ ಬರೆದುದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸಲು ಸಂಪಾದಕರನ್ನು ನಾನೇ ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷದ ಚರ್ಚೆಗೆ ಆ ಬರಹಗಳೇ ಆಧಾರವಾಗಲಿ.